ಕಾಸರಗೋಡಿನಲ್ಲಿ ಸ್ಕೂಬಾ ಕಲಿಯುವುದು: ಪೈಸೆ ಎಷ್ಟು, ಕಟ್ಟುಪಾಡು ಏನು?

ಸ್ಕೂಬಾ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ನೀರಿನಡಿ ಉಸಿರಾಡುತ್ತಾ ಈಜುವುದು. ನಾವು ಐವರ ಗುಂಪು ಲಾಭ ಇಟ್ಟುಕೊಳ್ಳದೆ ಅದನ್ನು ಕಲಿಸುತ್ತೇವೆ. ಇದನ್ನು ಬರೆಯುತ್ತಿರುವವನು ಗುಂಪಿನ ಲೆಕ್ಕ ನೋಡಿಕೊಳ್ಳುವವನು, ಕಲಿಸುವವನಲ್ಲ. ಕಲಿಸುವ ಅರ್ಹತೆ ಇರುವವರು ನಮ್ಮಲ್ಲಿ ಇಬ್ಬರೇ. ಇಬ್ಬರೂ ಗಲ್ಫ್‌ನಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಸಮುದ್ರದಲ್ಲಿ ಕಲಿತವರು, ಆಮೇಲೆ ಪರೀಕ್ಷೆ ಪಾಸು ಮಾಡಿ ಇನ್‌ಸ್ಟ್ರಕ್ಟರ್ ಆದವರು. ಉಳಿದ ಮೂವರು ಸಿಲಿಂಡರ್ ಹೊರುವವರು, ವ್ಯಾನ್ ಹೇಳುವವರು, ಚಾ ತರುವವರು. ಫೋನಿನಲ್ಲಿ ಒಂದೇ ಪ್ರಶ್ನೆಗೆ ನೂರು ಸಲ ಉತ್ತರ ಹೇಳಿ ಸಾಕಾಯಿತು. ಹಾಗಾಗಿ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ನೀವು ಲಾಭ ಇಟ್ಟುಕೊಳ್ಳುವುದಿಲ್ಲ ಅಂದರೆ ಉಚಿತ ಅಂತಲೇ ಅಲ್ವಾ?

ಅಲ್ಲ. ನಾವು ಬಿಟ್ಟುಕೊಡುವುದು ನಮ್ಮ ಕೂಲಿಯನ್ನು ಮಾತ್ರ. ಈಜುಕೊಳದವರು, ಗಾಳಿ ತುಂಬಿಸುವವರು, ದೋಣಿಯವರು ಯಾರೂ ಅವರ ಕೂಲಿ ಬಿಡುವುದಿಲ್ಲ. ಬಿಡಬೇಕು ಅಂತ ಕೇಳುವುದೂ ಸರಿಯಲ್ಲ.

ಹಾಗಾದರೆ ಒಟ್ಟು ಎಷ್ಟಾಗುತ್ತದೆ? ಸುತ್ತಿ ಬಳಸದೆ ಹೇಳಿ.

ಕಳೆದ ಬ್ಯಾಚಿನಲ್ಲಿ ನಾಲ್ಕು ಜನ ಕಲಿತರು. ತಲೆಗೆ 27,250 ರೂಪಾಯಿ ಬಿತ್ತು. ಲೆಕ್ಕ ಹೀಗಿದೆ. ಈಜುಕೊಳಕ್ಕೆ ಬೆಳಗ್ಗಿನ ಹೊತ್ತು 2,400 ರೂಪಾಯಿ ಬಾಡಿಗೆ. ಐದು ಬೆಳಗ್ಗೆಗೆ 12,000 ಆಯಿತು, ತಲೆಗೆ 3,000. ಕೊಳದಲ್ಲಿ ಒಬ್ಬೊಬ್ಬರಿಗೆ ಐದು ಸಿಲಿಂಡರ್ ಗಾಳಿ, ಒಂದಕ್ಕೆ 400ರಂತೆ 2,000. ಜೊತೆಗಿಳಿಯುವ ಇಬ್ಬರ ಗಾಳಿಯನ್ನು ನಾಲ್ವರಿಗೆ ಹಂಚಿದಾಗ ಇನ್ನೊಂದು 1,000. ತರಬೇತಿ ಸಂಸ್ಥೆಯ ಪಾಠದ ಸಾಮಗ್ರಿ ಮತ್ತು ಕಲಿತದ್ದಕ್ಕೆ ಸಂಸ್ಥೆ ಕೊಡುವ ಕಾರ್ಡಿಗೆ 6,000. ಮುರುಡೇಶ್ವರದ ಕಡೆಯ ನೇತ್ರಾಣಿ ದ್ವೀಪದಲ್ಲಿ ಎರಡು ದಿನ, ನಾಲ್ಕು ಡೈವ್, ದೋಣಿ ಮತ್ತು ಅಲ್ಲಿನ ಸಿಲಿಂಡರ್ ಸೇರಿ 9,000. ವ್ಯಾನ್, ರೂಮು, ಊಟಕ್ಕೆ 3,000. ನಮ್ಮ ಸಾಮಾನು ದುರಸ್ತಿಯ ಡಬ್ಬಿಗೆ 1,000. ಕಲಿಸುವ ಇಬ್ಬರ ದೋಣಿ ಸೀಟಿನ ಅರ್ಧ ಹಣದಲ್ಲಿ ನಿಮ್ಮ ಪಾಲು 2,250.

ಆ ಕೊನೆಯ ಬಾಬ್ತಿನ ಬಗ್ಗೆ ನಮ್ಮೊಳಗೆ ಜಗಳವೇ ಆಗಿತ್ತು. ಮೊದಲು ಕಲಿಸುವವರು ತಮ್ಮ ಸೀಟಿನ ಹಣ ಪೂರ್ತಿ ತಾವೇ ಹಾಕುತ್ತಿದ್ದರು. ಎರಡು ಬ್ಯಾಚ್ ಆದ ಮೇಲೆ ಒಬ್ಬರ ಮನೆಯಲ್ಲಿ, "ಪುಕ್ಕಟೆ ಕಲಿಸುವುದು ಬೇರೆ, ಕೈಯಿಂದ ಹಾಕಿ ಕಲಿಸುವುದು ಬೇರೆ" ಎಂಬ ಮಾತು ಬಂತು. ಮಾತು ಸರಿಯಾಗಿಯೇ ಇತ್ತು. ಈಗ ಅರ್ಧ ಅವರದ್ದು, ಅರ್ಧ ಕಲಿಯುವವರದ್ದು.

ವ್ಯಾಪಾರಕ್ಕೆ ಕಲಿಸುವ ಡೈವ್ ಅಂಗಡಿಯವರೂ ಸುಮಾರು ಇಷ್ಟಕ್ಕೇ ಕಲಿಸುತ್ತಾರಲ್ಲ?

ಹೌದು. ಓಪನ್ ವಾಟರ್ ಎಂಬ ಈ ಮೊದಲ ಹಂತದ ಕೋರ್ಸಿಗೆ ನಮ್ಮ ದೇಶದಲ್ಲಿ ಸುಮಾರು 25ರಿಂದ 35 ಸಾವಿರ ಕೇಳುತ್ತಾರೆ. ಅವರಿಗೆ ಸ್ವಂತ ದೋಣಿ ಇದೆ, ಸ್ವಂತ ಕಂಪ್ರೆಸರ್ ಇದೆ, ದಿನವೂ ಗಿರಾಕಿ ಇದ್ದಾರೆ. ನಾವು ಎಲ್ಲವನ್ನೂ ಬಿಡಿಬಿಡಿಯಾಗಿ ಬಾಡಿಗೆಗೆ ತರುವವರು. ಹಾಗಾಗಿ ಅವರು ಲಾಭ ಇಟ್ಟು ಕೊಡುವ ರೇಟಿಗೂ ನಾವು ಲಾಭ ಬಿಟ್ಟು ಕೊಡುವ ರೇಟಿಗೂ ದೊಡ್ಡ ಅಂತರ ಉಳಿಯುವುದಿಲ್ಲ. ಕಡಿಮೆಗೆ ಸಿಗುತ್ತದೆ ಅಂತ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಸಿಗುವುದು ಸಮಯ. ಅಂಗಡಿಯಲ್ಲಿ ಮೂರು-ನಾಲ್ಕು ದಿನದಲ್ಲಿ ಮುಗಿಯುವುದು ಇಲ್ಲಿ ಆರು ವಾರ ಎಳೆಯುತ್ತದೆ. ಮುಖವಾಡದೊಳಗೆ ನೀರು ಬಿಟ್ಟು ಹೊರಹಾಕುವ ಅಭ್ಯಾಸ ಒಬ್ಬರಿಗೆ ಇಪ್ಪತ್ತು ಸಲ ಬೇಕಾದರೆ ಇಪ್ಪತ್ತು ಸಲ ಮಾಡಿಸುತ್ತೇವೆ. ಪಾಠ ಕನ್ನಡದಲ್ಲಿ, ಬೇಕಾದರೆ ತುಳು, ಮಲಯಾಳದಲ್ಲಿ. ಹಣವನ್ನು ಮೂರು ಕಂತಿನಲ್ಲಿ ಕೊಡಬಹುದು. ಇಷ್ಟು ಸಾಕು ಅನ್ನಿಸಿದರೆ ಬನ್ನಿ. ಬೇಗ ಮುಗಿಯಬೇಕು ಅಂತಿದ್ದರೆ ಮಾನ್ಯತೆ ಇರುವ ಒಳ್ಳೆ ಅಂಗಡಿಗೇ ಹೋಗಿ, ಅದರಲ್ಲಿ ತಪ್ಪೇನಿಲ್ಲ.

ಹಣ ಮಿಕ್ಕಿದರೆ ವಾಪಸ್ ಕೊಡುತ್ತೇವೆ. ಒಂದು ಬ್ಯಾಚಿನಲ್ಲಿ ತಲೆಗೆ 340 ರೂಪಾಯಿ ವಾಪಸ್ ಕೊಟ್ಟದ್ದೂ ಇದೆ.

ನಾನು ಸುಮ್ನೆ ಒಮ್ಮೆ ನೋಡಬೇಕು, ಕಾರ್ಡ್ ಗೀರ್ಡ್ ಬೇಡ.

ಒಂದು ಬೆಳಗ್ಗೆ ಕೊಳಕ್ಕೆ ಬನ್ನಿ, 900 ರೂಪಾಯಿ. ಎದೆಮಟ್ಟದ ನೀರಿನಲ್ಲಿ ಉಸಿರಾಡಿ ನೋಡಬಹುದು. ಅರ್ಧದಷ್ಟು ಜನ ಅಲ್ಲಿಗೇ ನಿಲ್ಲಿಸುತ್ತಾರೆ. 27,000 ಖರ್ಚು ಮಾಡಿದ ಮೇಲೆ ನಿಲ್ಲಿಸುವುದಕ್ಕಿಂತ ಅದು ಒಳ್ಳೆಯದು.

ನಿಮ್ಮ ಹತ್ತಿರ ಕಲಿತರೆ ಕಾರ್ಡ್ ಅಸಲಿಯೇ? ಸರ್ಕಾರದ್ದಾ?

ಸ್ಕೂಬಾ ಕಾರ್ಡ್ ಕೊಡುವುದು ಸರ್ಕಾರವಲ್ಲ, ತರಬೇತಿ ಸಂಸ್ಥೆಗಳು. ಪ್ಯಾಡಿ, ಎಸ್‌ಎಸ್‌ಐ, ನೌಯಿ, ಸಿಎಂಎಎಸ್ ಹೀಗೆ ಹಲವಿವೆ. ಕಾರ್ಡ್ ಬರಬೇಕಾದರೆ ಕಲಿಸಿದವರು ಆ ಸಂಸ್ಥೆಯ ಇನ್‌ಸ್ಟ್ರಕ್ಟರ್ ಆಗಿರಬೇಕು, ಆ ವರ್ಷದ ಸದಸ್ಯತ್ವ ಕಟ್ಟಿರಬೇಕು. ಇಪ್ಪತ್ತು ವರ್ಷ ಡೈವ್ ಮಾಡಿದ ಅನುಭವಿಯಾದರೂ ಆ ನವೀಕರಣ ಇಲ್ಲದಿದ್ದರೆ ಕಾರ್ಡ್ ಕೊಡಲು ಆಗುವುದಿಲ್ಲ. ಸಂಭಾವನೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬುದು ಇನ್‌ಸ್ಟ್ರಕ್ಟರಿಗೆ ಬಿಟ್ಟದ್ದು. ಪಾಠದ ಮಟ್ಟ ಮಾತ್ರ ಎರಡೂ ಕಡೆ ಒಂದೇ ಇರಬೇಕು.

ಪುಕ್ಕಟೆ ಕಲಿಸುವುದು ನಮ್ಮ ತಲೆಯಲ್ಲಿ ಹುಟ್ಟಿದ್ದೂ ಅಲ್ಲ. 1953ರಲ್ಲಿ ಶುರುವಾದ ಬ್ರಿಟಿಷ್ ಸಬ್ ಆಕ್ವಾ ಕ್ಲಬ್ಬಿನಲ್ಲಿ ಹಳೇ ಸದಸ್ಯರು ಹೊಸಬರಿಗೆ ಸಂಬಳವಿಲ್ಲದೆ ಕಲಿಸುತ್ತಾ ಬಂದಿದ್ದಾರೆ. 1960ರ ನೌಯಿ ಲಾಭಕ್ಕಲ್ಲದ ಸಂಸ್ಥೆ. ಪ್ಯಾಡಿ ಬಂದದ್ದು 1966ರಲ್ಲಿ. ಅಂದರೆ ಕ್ಲಬ್ ಮೊದಲು, ಅಂಗಡಿಯ ಕಾಲ ಆಮೇಲೆ.

ದುಬೈಯಲ್ಲಿ ತೆಗೆದ ಕಾರ್ಡ್ ಇಲ್ಲಿ ನಡೆಯುತ್ತದಾ?

ನಡೆಯುತ್ತದೆ. ಅವಧಿ ಮುಗಿಯುವ ಕಾರ್ಡ್ ಅಲ್ಲ ಅದು. ಆದರೆ ನೀರಿಗಿಳಿದು ವರ್ಷ ದಾಟಿದ್ದರೆ ಕೊಳದಲ್ಲಿ ಒಂದು ಬೆಳಗ್ಗೆ ನಮ್ಮೊಟ್ಟಿಗೆ ಇಳಿಯಿರಿ. ಕಾರ್ಡಿಗೆ ನೆನಪು ಇರುತ್ತದೆ, ಕೈಗೆ ಇರುವುದಿಲ್ಲ.

ಈಜು ಬರುವುದಿಲ್ಲ. ಕಲಿಯಬಹುದಾ?

ಕೊಳದಲ್ಲಿ ರುಚಿ ನೋಡಲು ಅಡ್ಡಿಯಿಲ್ಲ. ಕಾರ್ಡ್ ಕೋರ್ಸಿಗೆ ಆಗದು. 200 ಮೀಟರ್ ಈಜಬೇಕು, ಸಮಯದ ಮಿತಿ ಇಲ್ಲ, ಶೈಲಿ ಯಾವುದಾದರೂ ಸರಿ. ಆಮೇಲೆ 10 ನಿಮಿಷ ಏನನ್ನೂ ಹಿಡಿಯದೆ ನೀರಿನ ಮೇಲೆ ಇರಬೇಕು. ನಮ್ಮ ತೋಟದ ಕೆರೆಯಲ್ಲಿ ಈಜಿ ಬೆಳೆದವರು ಇದನ್ನು ನಕ್ಕು ಮುಗಿಸುತ್ತಾರೆ. ಆದರೆ ಕೆರೆ ಈಜಿನವರಿಗೆ ಒಂದು ದುರಭ್ಯಾಸ ಇರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ವಯಸ್ಸು?

10 ತುಂಬಿರಬೇಕು. 10-11ರ ಮಕ್ಕಳಿಗೆ 12 ಮೀಟರ್‌ಗಿಂತ ಆಳ ಇಲ್ಲ. ದೊಡ್ಡವರಿಗೆ ಈ ಕೋರ್ಸಿನಲ್ಲಿ 18 ಮೀಟರ್. ಹತ್ತು ವರ್ಷದ ಮಗು ತಾನಾಗಿ ಕೇಳಿದರೆ ಮಾತ್ರ ಸೇರಿಸಿಕೊಳ್ಳುತ್ತೇವೆ, ಅಪ್ಪ ಕೇಳಿದರೆ ಇಲ್ಲ. 60 ದಾಟಿದವರು ಒಬ್ಬರು ನಮ್ಮಲ್ಲಿ ಕಲಿತಿದ್ದಾರೆ, ಡಾಕ್ಟರ ಚೀಟಿ ತಂದಿದ್ದರು.

ಡಾಕ್ಟರ ಚೀಟಿ ಎಲ್ಲರೂ ತರಬೇಕಾ?

ಮೊದಲು ಆರೋಗ್ಯದ ಪ್ರಶ್ನಾವಳಿ ತುಂಬಬೇಕು. ಅದರಲ್ಲಿ ಕೆಲವು ಪ್ರಶ್ನೆಗೆ ಹೌದು ಅಂತ ಬಂದರೆ ಡಾಕ್ಟರು ನೋಡಿ ಸಹಿ ಹಾಕಬೇಕು. ದಮ್ಮು, ಫಿಟ್ಸ್, ಹೃದಯದ ತೊಂದರೆ, ಕಿವಿಯ ಆಪರೇಷನ್ ಇವನ್ನು ಮುಚ್ಚಿಡಬೇಡಿ. ಗರ್ಭಿಣಿಯರು ಇಳಿಯುವಂತಿಲ್ಲ. ಶೀತ ಆಗಿದ್ದರೆ ಆ ದಿನ ಬೇಡ, ಕಿವಿ ತೆರೆಯುವುದಿಲ್ಲ. ಮೂರು ಮೀಟರ್ ಇಳಿಯುವ ಮೊದಲೇ ಕಿವಿ ಒತ್ತಲು ಶುರುವಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಅದನ್ನು ಸರಿಮಾಡಿಕೊಳ್ಳಬೇಕು. ನೋವು ಬಂದ ಮೇಲೆ ಜೋರಾಗಿ ಊದುವುದಲ್ಲ.

ಕನ್ನಡಕದವರು ಮೃದು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಇಳಿಯಬಹುದು. ಪವರ್ ಇರುವ ಮುಖವಾಡವೂ ಸಿಗುತ್ತದೆ.

ಎಲ್ಲದಕ್ಕಿಂತ ದೊಡ್ಡ ನಿಯಮ ಯಾವುದು?

ಉಸಿರು ಹಿಡಿಯಬಾರದು. ಕೆರೆ ಈಜಿನವರ ದುರಭ್ಯಾಸ ಅಂದೆನಲ್ಲ, ಇದೇ ಅದು. ಕೆರೆಯ ತಳದಿಂದ ಕಲ್ಲು ತರುವ ಹುಡುಗನಿಗೆ ಉಸಿರು ಕಟ್ಟುವುದೇ ಸಾಮರ್ಥ್ಯ. ಅವನು ಮೇಲಿಂದ ತೆಗೆದುಕೊಂಡು ಹೋದ ಉಸಿರು ಕೆಳಗೆ ಕುಗ್ಗುತ್ತದೆ, ವಾಪಸ್ ಬಂದಾಗ ಮೊದಲಿನಷ್ಟೇ ಆಗುತ್ತದೆ. ಅವನಿಗೆ ಶ್ವಾಸಕೋಶ ಹರಿಯುವ ಅಪಾಯ ಇಲ್ಲ. ಸ್ಕೂಬಾದಲ್ಲಿ ನೀವು ಕೆಳಗೇ ಉಸಿರು ತುಂಬಿಕೊಳ್ಳುತ್ತೀರಿ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು, ಅಂದರೆ ನೆಲದ ಮೇಲೆ ಗಾಳಿ ನಮ್ಮನ್ನು ಒತ್ತುವಷ್ಟು, ಒತ್ತಡ ಜಾಸ್ತಿ ಆಗುತ್ತದೆ. 10 ಮೀಟರಿನಲ್ಲಿ ತುಂಬಿಕೊಂಡ ಒಂದು ಎದೆ ಗಾಳಿ ಮೇಲೆ ಬರುವಾಗ ಎರಡು ಎದೆ ಗಾಳಿ ಆಗುತ್ತದೆ. 20ರಿಂದ ಬಂದರೆ ಮೂರು. ಬಾಯಿ ಮುಚ್ಚಿ ಮೇಲೆ ಹಾರಿದರೆ ಅದು ಹೋಗುವುದೆಲ್ಲಿಗೆ? ಶ್ವಾಸಕೋಶ ಹರಿಯುತ್ತದೆ. ಕೊಳದ ಆಳದಲ್ಲೂ ಇದು ಆಗಬಹುದು. ಹಾಗಾಗಿಯೇ ಕೊಳದಲ್ಲೂ ನಮ್ಮ ಮಾತು ಕೇಳದವರನ್ನು ಮೇಲೆ ಕೂರಿಸುತ್ತೇವೆ.

ಎರಡನೆಯದು ನಿಧಾನ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಮೇಲೆ ಬರುವುದಿಲ್ಲ. 5 ಮೀಟರಿನಲ್ಲಿ 3 ನಿಮಿಷ ನಿಲ್ಲುತ್ತೇವೆ.

ನೀರಿನ ಕೆಳಗೆ ಮಾತು ಹೇಗೆ?

ಕೈಸನ್ನೆ. ಹೆಬ್ಬೆರಳು ಮೇಲೆ ಮಾಡಿದರೆ "ಸೂಪರ್" ಅಂತಲ್ಲ, "ಮೇಲೆ ಹೋಗೋಣ" ಅಂತ. ಪ್ರತಿ ಬ್ಯಾಚಿನಲ್ಲೂ ಒಬ್ಬರು ಖುಷಿಯಲ್ಲಿ ಹೆಬ್ಬೆರಳು ತೋರಿಸುತ್ತಾರೆ, ಕಲಿಸುವವರು ಅವರನ್ನು ನೇರ ಮೇಲೆ ತರುತ್ತಾರೆ. ಚೆನ್ನಾಗಿದ್ದೇನೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಕನ್ನಡ ದೊಡ್ಡದಾ ಮಲಯಾಳ ದೊಡ್ಡದಾ ಎಂಬ ನಮ್ಮೂರ ಚರ್ಚೆಗೆ ಅಲ್ಲಿ ಜಾಗವೇ ಇಲ್ಲ, ಅಷ್ಟು ನೆಮ್ಮದಿ.

ಆಕ್ಸಿಜನ್ ಸಿಲಿಂಡರ್ ನಮ್ಮ ಮನೆಯಲ್ಲೇ ಇದೆ. ಅದನ್ನು ತಂದರೆ ಖರ್ಚು ಕಡಿಮೆ ಆಗುತ್ತದಾ?

ದಯವಿಟ್ಟು ಬೇಡ. ಸ್ಕೂಬಾ ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಇದೇ ಗಾಳಿ, ನೂರರಲ್ಲಿ 21 ಪಾಲು ಆಮ್ಲಜನಕ. ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಕೆಳಗೆ ಉಸಿರಾಡಿದರೆ ಫಿಟ್ಸ್ ಬರಬಹುದು, ನೀರಿನೊಳಗೆ ಫಿಟ್ಸ್ ಬಂದರೆ ಬಾಯಿಯಿಂದ ಉಸಿರಾಟದ ನಳಿಗೆ ಜಾರುತ್ತದೆ.

ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ತುಂಬಿಸಿದರೆ?

ಇದನ್ನೂ ಕೇಳಿದ್ದಾರೆ, ನಗಬೇಡಿ. ಸ್ಕೂಬಾ ಸಿಲಿಂಡರಿನಲ್ಲಿ ಗಾಳಿ 200 ಬಾರ್ ಒತ್ತಡದಲ್ಲಿ, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 200 ಪಟ್ಟಿನಲ್ಲಿ ಇರುತ್ತದೆ, ಟೈರಿನದ್ದು ಅದರ ಹತ್ತಿರಕ್ಕೂ ಬರುವುದಿಲ್ಲ. ಅದಕ್ಕಿಂತ ಮುಖ್ಯ, ಉಸಿರಾಟದ ಗಾಳಿ ಬೇರೆಯದೇ ಫಿಲ್ಟರಿನಿಂದ ಬರಬೇಕು. ಎಣ್ಣೆ ಹೊಗೆ, ಎಂಜಿನ್ನಿನ ಕಾರ್ಬನ್ ಮಾನಾಕ್ಸೈಡ್ ಸೇರಿದರೆ ಮೇಲೆ ಗೊತ್ತಾಗದ ವಿಷ ಆಳದಲ್ಲಿ ಒತ್ತಡಕ್ಕೆ ಹಲವು ಪಟ್ಟಾಗುತ್ತದೆ.

ಒಂದು ಸಲ ಜಿಲ್ಲೆಯ ಹೊರಗೆ ಒಂದು ಕಡೆ ತುಂಬಿಸಿ ತಂದ ಆರು ಸಿಲಿಂಡರಿನಲ್ಲಿ ಒಂದನ್ನು ತೆರೆದಾಗ ಗ್ಯಾರೇಜಿನ ವಾಸನೆ ಬಂತು. ಆರನ್ನೂ ಖಾಲಿ ಮಾಡಿಸಿದೆವು. ಕೊಳದ ಬಾಡಿಗೆ ಹೋಯಿತು, ನಾಲ್ಕು ಜನ ಕಲಿಯಲು ಬಂದವರು ಪರೋಟ ತಿಂದು ಮನೆಗೆ ಹೋದರು. ಆ 2,400 ರೂಪಾಯಿಯನ್ನು ಕಲಿಯುವವರ ಲೆಕ್ಕಕ್ಕೆ ಹಾಕಲಿಲ್ಲ. ಈಗ ಪ್ರತಿ ಸಿಲಿಂಡರನ್ನೂ ಇಳಿಯುವ ಮೊದಲು ಮೂಸುತ್ತೇವೆ. ಮಾನಾಕ್ಸೈಡಿಗೆ ವಾಸನೆ ಇಲ್ಲ, ಅದಕ್ಕೆ ಮೀಟರೇ ಬೇಕು. ದುರಸ್ತಿ ಡಬ್ಬಿಯ ಮೊದಲ ಹಣದಲ್ಲಿ ತೆಗೆದದ್ದು ಅದನ್ನೇ.

ಸಿಲಿಂಡರಿನ ಭುಜದ ಮೇಲೆ ಕೊರೆದ ತಾರೀಕು ನೋಡಲು ಪ್ರತಿಯೊಬ್ಬರಿಗೂ ಕಲಿಸುತ್ತೇವೆ. ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಿರಬೇಕು. ತಾರೀಕು ದಾಟಿದ್ದರೆ ತುಂಬಿಸುವವರು ತುಂಬಿಸಬಾರದು, ನೀವು ಬೆನ್ನಿಗೆ ಹಾಕಬಾರದು.

ಒಂದು ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?

ಸಾಮಾನ್ಯ ಅಲ್ಯುಮಿನಿಯಂ ಸಿಲಿಂಡರ್ 11 ಲೀಟರಿನದ್ದು. 200 ಬಾರಿಗೆ ತುಂಬಿಸಿದರೆ ಸುಮಾರು 2,200 ಲೀಟರ್ ಗಾಳಿ. ಶಾಂತವಾಗಿ ಇರುವವರು ಮೇಲೆ ನಿಮಿಷಕ್ಕೆ 20 ಲೀಟರ್ ಬಳಸಿದರೆ 10 ಮೀಟರಿನಲ್ಲಿ 40 ಆಗುತ್ತದೆ. ಕೊನೆಯ 50 ಬಾರ್ ಮುಟ್ಟುವಂತಿಲ್ಲ. ಲೆಕ್ಕ ಹಾಕಿದರೆ 40 ನಿಮಿಷ. ಹೆದರಿದವರಿಗೆ 20 ನಿಮಿಷ. ಹೆದರಿಕೆಗೂ ಪೈಸೆ ಬೀಳುತ್ತದೆ ಅಂತ ನಾವು ತಮಾಷೆ ಮಾಡುತ್ತೇವೆ.

ನಮ್ಮದೇ ಕಡಲು ಇರುವಾಗ 200 ಕಿಲೋಮೀಟರ್ ದೂರ ನೇತ್ರಾಣಿಗೆ ಯಾಕೆ?

ಎರಡು ಕಾರಣ. ಒಂದು, ನೀರು. ಚಂದ್ರಗಿರಿ, ಶಿರಿಯ, ಉಪ್ಪಳ ಹೊಳೆಗಳು ತಂದು ಹಾಕುವ ಮಣ್ಣಿಗೆ ದಡದ ಹತ್ತಿರ ನಿಮ್ಮ ಕೈ ನಿಮಗೆ ಕಾಣದು. ಹೊಸಬರನ್ನು ಅಲ್ಲಿ ಇಳಿಸಿದರೆ ಕಲಿಸುವವರಿಗೆ ಕಲಿಯುವವರು ಕಾಣಬೇಕಲ್ಲ? ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ನೇತ್ರಾಣಿ ದ್ವೀಪದ ಸುತ್ತ ಬಂಡೆ ಇದೆ, ಹವಳ ಇದೆ, ನೀರು ತಿಳಿ.

ಎರಡನೆಯದು ಕಾನೂನು. ಮೀನು ಹಿಡಿಯಲು ಪರವಾನಗಿ ಇರುವ ದೋಣಿಯಲ್ಲಿ ಬಾಡಿಗೆಗೆ ಜನ ಸಾಗಿಸುವಂತಿಲ್ಲ. "ನಮ್ಮ ಮಾವನ ದೋಣಿ ಇದೆ, ಡೀಸೆಲ್ ಹಾಕಿದರೆ ಸಾಕು" ಅಂತ ಎಷ್ಟೋ ಜನ ಪ್ರೀತಿಯಿಂದ ಹೇಳಿದ್ದಾರೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮುಳುಗಿ 22 ಜನ ಸತ್ತ ದೋಣಿ ಮೀನಿನ ದೋಣಿಯನ್ನೇ ಬದಲಾಯಿಸಿ ಮಾಡಿದ್ದಾಗಿತ್ತು. ಅದಾದ ಮೇಲೆ ಈ ಮಾತಿಗೆ ನಮ್ಮ ಉತ್ತರ ಒಂದೇ: ಬೇಡ ಮಾರಾಯ್ರೆ. ಇದಲ್ಲದೆ ಕೇರಳದಲ್ಲಿ ಸಾಹಸ ಚಟುವಟಿಕೆ ನಡೆಸುವವರಿಗೆ ಪ್ರವಾಸೋದ್ಯಮದ ಸಾಹಸ ವಿಭಾಗದ ಸೊಸೈಟಿಯಲ್ಲಿ ನೋಂದಣಿ, ಸುರಕ್ಷತಾ ನಿಯಮ ಎಲ್ಲ ಇವೆ. ಐದು ಜನರ ಗುಂಪಿಗೆ ಅದು ಸದ್ಯಕ್ಕೆ ಭಾರ. ಹಾಗಾಗಿ ಪಾಠ ಇಲ್ಲಿ, ಸಮುದ್ರ ಅಲ್ಲಿ, ಅಲ್ಲಿನ ಅನುಮತಿ ಇರುವವರ ದೋಣಿಯಲ್ಲಿ.

ತೋಟದ ಕೆರೆ, ಕೆಂಪುಕಲ್ಲಿನ ಕೋರೆಯಲ್ಲಿ ಅಭ್ಯಾಸ ಮಾಡಬಹುದಲ್ಲ? ಬಾಡಿಗೆಯೂ ಇಲ್ಲ.

ಕೆರೆಯ ನೀರು ಹಸಿರು, ತಳದಲ್ಲಿ ಕೆಸರು, ಒಮ್ಮೆ ಕಾಲು ಆಡಿಸಿದರೆ ಕತ್ತಲೆ. ಕೋರೆಯ ಗೋಡೆ ನೇರ, ಹತ್ತಲು ಮೆಟ್ಟಿಲಿಲ್ಲ, ಒಳಗೆ ತಂತಿಯೋ ಮುರಿದ ಗಿಡವೋ ಏನಿದೆ ಗೊತ್ತಿಲ್ಲ. ದೇವಸ್ಥಾನದ ಕೆರೆ ಕೇಳುವ ಪ್ರಶ್ನೆಯೇ ಅಲ್ಲ. ಒಬ್ಬರು ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯ ಹೆಸರು ಎತ್ತಿದರು. ಅಲ್ಲಿನ ಮೊಸಳೆ ಬಬಿಯಾ 2022ರಲ್ಲಿ ತೀರಿಹೋಯಿತು ಎಂಬುದು ಡೈವ್ ಮಾಡಲು ಕಾರಣ ಆಗುವುದಿಲ್ಲ.

ಸಹಿ ಹಾಕಿಸುವ ಕಾಗದ ನಿಮ್ಮನ್ನು ಉಳಿಸಿಕೊಳ್ಳಲಿಕ್ಕಾ?

ಸ್ವಲ್ಪ ಹೌದು. ಅಪಾಯ ಏನು ಅಂತ ನಿಮಗೆ ಹೇಳಿದ್ದೇವೆ, ನೀವು ಓದಿದ್ದೀರಿ ಎಂಬುದಕ್ಕೆ ಅದು ಸಾಕ್ಷಿ. ಆದರೆ ನಮ್ಮ ಅಜಾಗ್ರತೆಯಿಂದ ಯಾರಾದರೂ ಸತ್ತರೆ ಆ ಕಾಗದ ಯಾರನ್ನೂ ಉಳಿಸುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಜೈಲು ಇದೆ. ಪುಕ್ಕಟೆ ಕಲಿಸಿದೆ ಅಂದರೂ ಅದು ಮಾಫಿ ಆಗುವುದಿಲ್ಲ. ಪೂರ್ತಿ ಉಚಿತ ಸೇವೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಒಳಗೆ ಬರುವುದಿಲ್ಲ ಎಂಬುದು ನಿಜ. ನಾವು ಆ ಸಂದಿಯಲ್ಲಿ ನುಸುಳುವವರಲ್ಲ. ನಿಮ್ಮಿಂದ ಹಣ ಪಡೆದಿದ್ದೇವೆ, ರಸೀದಿ ಕೊಡುತ್ತೇವೆ, ಕೇಳಿದರೆ ಲೆಕ್ಕದ ಪುಸ್ತಕ ತೋರಿಸುತ್ತೇವೆ. 18 ತುಂಬದವರ ಸಹಿಗೆ ಬೆಲೆ ಇಲ್ಲ, ಅಪ್ಪ ಅಥವಾ ಅಮ್ಮ ಬಂದು ಕೂತು ಪಾಠ ಕೇಳಿ ಸಹಿ ಹಾಕಬೇಕು.

ಸಂಘವಾಗಿ ನೋಂದಣಿ ಮಾಡಿಲ್ಲ ಯಾಕೆ?

ಏಳು ಜನ ಬೇಕು, ನಾವು ಐವರು. ಇದರಲ್ಲಿ ಒಂದು ಗಮ್ಮತ್ತಿದೆ. ತಿರುವಿತಾಂಕೂರು-ಕೊಚ್ಚಿ ಭಾಗದವರಿಗೆ 1955ರ ಕಾಯ್ದೆ, ಮಲಬಾರಿನ ಕಡೆಯವರಿಗೆ 1860ರದ್ದು. ನಮ್ಮ ತಾಲೂಕು 1956ರ ನವೆಂಬರ್ 1ರವರೆಗೆ ಮದ್ರಾಸಿನ ದಕ್ಷಿಣ ಕನ್ನಡದಲ್ಲಿ ಇತ್ತಲ್ಲ, ಹಾಗಾಗಿ ನಮಗೂ ಆ ಹಳೆಯದೇ. ಇಬ್ಬರು ಸಿಕ್ಕರೆ ನೋಂದಣಿ ಮಾಡುತ್ತೇವೆ, ಆದರೆ ಲೆಕ್ಕ ಬರೆಯಲು ಬರುವವರು ಬೇಕು. ನನಗೆ ರಜೆ ಬೇಕಾಗಿದೆ.

ವಿಮೆ ಇದೆಯಾ?

ಇನ್‌ಸ್ಟ್ರಕ್ಟರ್‌ಗಳಿಗೆ ಇದೆ. ನಿಮ್ಮ ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಸಾಹಸ ಕ್ರೀಡೆ ಬಿಟ್ಟಿರುವುದೇ ಜಾಸ್ತಿ, ಪಾಲಿಸಿ ತೆಗೆದು ಓದಿ. ಡೈವರ್‌ಗಳಿಗೇ ಇರುವ ವಿಮೆ ಬೇರೆ ಸಿಗುತ್ತದೆ. ಅದನ್ನು ಕಡ್ಡಾಯ ಮಾಡಿದ್ದೇವೆ. ರಕ್ತದಲ್ಲಿ ಸಾರಜನಕದ ಗುಳ್ಳೆ ಎದ್ದರೆ ಒತ್ತಡದ ಕೋಣೆಯಲ್ಲಿ ಚಿಕಿತ್ಸೆ ಆಗಬೇಕು. ಅಂಥ ಕೋಣೆ, ನೌಕಾಪಡೆಯ ಡೈವಿಂಗ್ ಶಾಲೆ ಇರುವ ಕೊಚ್ಚಿ ನಮಗೆ 300 ಕಿಲೋಮೀಟರಿಗೂ ಜಾಸ್ತಿ. ಆ ದಾರಿಯ ಉದ್ದಕ್ಕೂ ಕೊಡಲು ಆಮ್ಲಜನಕದ ಕಿಟ್ ನಮ್ಮ ವ್ಯಾನಿನಲ್ಲಿ ಇರುತ್ತದೆ. ಕಡಲಲ್ಲಿ ಏನಾದರೂ ಆದರೆ ಕರಾವಳಿ ಕಾವಲು ಪಡೆಯ ನಂಬರ್ 1554, ಕರಾವಳಿ ಪೊಲೀಸ್ 1093. ಎರಡನ್ನೂ ಫೋನಿನಲ್ಲಿ ಹಾಕಿಕೊಳ್ಳಿ, ಡೈವ್ ಮಾಡದಿದ್ದರೂ.

ಡೈವ್ ಮುಗಿಸಿ ಅದೇ ದಿನ ಕೊಡಚಾದ್ರಿ ನೋಡಿ ಬರಬಹುದಾ? ಅಷ್ಟು ದೂರ ಹೋಗಿರುತ್ತೇವಲ್ಲ.

ಬೇಡ. ಎತ್ತರಕ್ಕೆ ಹೋದರೂ ಅದೇ ಸಾರಜನಕದ ಗುಳ್ಳೆ ಏಳಬಹುದು. ವಿಮಾನಕ್ಕೆ ಎಷ್ಟು ಕಾಯಬೇಕೋ ಎತ್ತರದ ಬೆಟ್ಟಕ್ಕೂ ಅಷ್ಟೇ ಕಾಯಬೇಕು: ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಆಗಿದ್ದರೆ 18. 600 ಮೀಟರ್ ದಾಟಿದ ಎತ್ತರಕ್ಕೆ ಈ ಲೆಕ್ಕ. ಕೊಡಚಾದ್ರಿ 1,343 ಮೀಟರ್. ಮಡಿಕೇರಿಯಿಂದ ಬರುವವರು ಮನೆಗೆ ಹೊರಡುವ ಮೊದಲು ಒಂದು ರಾತ್ರಿ ಕೆಳಗೆ ಉಳಿಯಬೇಕು. ಹೆದ್ದಾರಿಯಲ್ಲಿ ಕಾಸರಗೋಡಿಗೆ ವಾಪಸ್ ಬರಲು ಅಡ್ಡಿಯಿಲ್ಲ, ದಾರಿ ಕಡಲಿನ ಮಟ್ಟದಲ್ಲೇ ಇದೆ. ಸೋಮವಾರ ಬೆಳಗ್ಗೆ ಮಂಗಳೂರಿನಿಂದ ಗಲ್ಫ್ ವಿಮಾನ ಇದ್ದರೆ ಭಾನುವಾರ ಡೈವ್ ಬೇಡ.

ಒಂದು ಹವಳದ ತುಂಡು ತಂದುಕೊಡುತ್ತೀರಾ, ಮಕ್ಕಳ ಶಾಲೆಗೆ?

ಇಲ್ಲ. ಹವಳ, ಕಡಲಕುದುರೆ, ಕಡಲಸೌತೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇವೆ. ಮುಟ್ಟಿ ನೋಡುವುದೂ ಬೇಡ.

ಬಾವಿಗೆ ಪಂಪು ಬಿದ್ದಿದೆ. ನಿಮ್ಮವರು ಇಳಿದು ತೆಗೆಯುತ್ತಾರಾ? ಕೂಲಿ ಕೊಡುತ್ತೇವೆ.

ವರ್ಷಕ್ಕೆ ಹತ್ತು ಸಲ ಬರುವ ಕರೆ ಇದು. ಪಂಪು, ಬಿಂದಿಗೆ, ಒಮ್ಮೆ ಕರಿಮಣಿ. ನಾವು ಇಳಿಯುವುದಿಲ್ಲ. ಆಳದ ಬಾವಿಯಲ್ಲಿ ನೀರಿನ ಮೇಲಿನ ಗಾಳಿಯೇ ಕೆಟ್ಟಿರಬಹುದು. ನಮಗೆ ಗೊತ್ತಿರುವುದು ತೆರೆದ ನೀರಿನ ಡೈವ್, ಇದು ಬೇರೆಯೇ ಕಸುಬು. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಕ್ಕಂತೂ ಕೇಳಲೇಬೇಡಿ. ಜೀವ ಬಿದ್ದಿದ್ದರೆ 101ಕ್ಕೆ ಫೋನ್ ಮಾಡಿ, ಅಗ್ನಿಶಾಮಕ ದಳದಲ್ಲಿ ಅದಕ್ಕೆ ತರಬೇತಿ ಪಡೆದ ಸ್ಕೂಬಾದವರೇ ಇದ್ದಾರೆ. ಪಂಪು ಬಿದ್ದಿದ್ದರೆ ಪಾತಾಳಗರಡಿ ಹಾಕಿ.

ಮಳೆಗಾಲದಲ್ಲಿ ಬಾಗಿಲು ಹಾಕುತ್ತೀರಾ?

ಕಡಲಿಗೆ ಹಾಕುತ್ತೇವೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನೇತ್ರಾಣಿ ಕಡೆ ಯಾರೂ ಇಳಿಯುವುದಿಲ್ಲ. ಆಗ ಸಾಮಾನು ಬಿಚ್ಚಿ ತೊಳೆದು, ಹಳೇ ರಬ್ಬರ್ ರಿಂಗು ಬದಲಾಯಿಸುವ ಕೆಲಸ. ಭಾನುವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಮನೆಯ ಜಗಲಿಯಲ್ಲಿ ಪಾಠ ನಡೆಯುತ್ತದೆ, ಅದಕ್ಕೆ ಹಣ ಇಲ್ಲ. ಕರೆಂಟ್ ಹೋದರೂ ಪಾಠ ನಿಲ್ಲುವುದಿಲ್ಲ. ಕೊಡೆ ತನ್ನಿ, ಜಗಲಿಗೆ ಪಡುವಣದ ಎರಚಲು ಹೊಡೆಯುತ್ತದೆ.